ಅವ್ವನ ಮಗ್ಗದ ಮೇಲಿನ ಗಾಜು

ನರಗುಂದದಲ್ಲಿ ನಾವು ಕಟ್ಟಿಸುತ್ತಿರುವ ಮನೆಯ ಮುಂದೆ ಸಿಮೆಂಟು ಚೀಲಗಳ ಮೇಲೆ ಒಂದು ತಾಡಪತ್ರಿ ಹೊದಿಸಿದ್ದಾರೆ. ಈ ಸಲದ ಮೊದಲ ಮಳೆ ಅದರ ಮೇಲೆ ಬಿತ್ತು. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿಗೆ ನೀರು ತಾಗಿದಾಗ ಏಳುವ ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಇಂಜಿನಿಯರು ನಕ್ಷೆ ಬಿಚ್ಚಿ, ನಡುಮನೆಯ ಮೇಲೆ ಬರೆದಿದ್ದ ಒಂದು ಚೌಕದ ಮೇಲೆ ಬೆರಳಿಟ್ಟರು.

“ಮೇಡಂ, ಇಲ್ಲೊಂದು ಸ್ಕೈಲೈಟ್ ಕೊಟ್ಟೀನ್ರಿ. ಹಗಲೊತ್ತಿನ್ಯಾಗ ಲೈಟ್ ಹಾಕೂ ಕೆಲಸಾನ ಇಲ್ಲ.”

“ಬ್ಯಾಡ್ರಿ.”

“ಸೋರ್ತೈತಿ ಅಂತ ಹೆದರಿಕಿ ಏನ್ರಿ? ಈಗಿನವು ಸೋರಂಗಿಲ್ಲ. ಗಾಜೂ ಗಟ್ಟಿ ಇರ್ತೈತ್ರಿ. ಆನಿ ನಿಂತ್ರೂ ಏನೂ ಆಗೂದಿಲ್ಲ.”

“ಮಾಳಗಿ ಮ್ಯಾಲ ಆನಿ ನಿಂದರೂದಿಲ್ಲ ಬಿಡ್ರಿ. ಮನಷ್ಯಾರು ನಿಂದರ್ತಾರ.”

ಅವರು ನಕ್ಕರು. ತಮಾಷೆ ಮಾಡಿದೆ ಎಂದುಕೊಂಡರೇನೋ. “ಸ್ಲ್ಯಾಬ್ ಹಾಕೂತನಾ ವಿಚಾರ ಮಾಡ್ರಿ. ಅಲ್ಲೀತನಾ ಚೌಕ ಹಂಗ ಬಿಟ್ಟಿರ್ತೀವಿ” ಎಂದು ಹಾಳೆ ಸುತ್ತಿಟ್ಟರು.

ಮೇಲಿನಿಂದ ಬೀಳುವ ಬೆಳಕಿನ ಗುಣ ನನಗೆ ಗೊತ್ತಿಲ್ಲದ್ದೇನಲ್ಲ. ಆ ಇಂಜಿನಿಯರಿಗಿಂತ ಚೆನ್ನಾಗಿಯೇ ಗೊತ್ತು. ಗೋಡೆಯ ಕಿಟಕಿಯಿಂದ ಬರುವ ಬೆಳಕು ಅಡ್ಡಡ್ಡ ಬಂದು ಕೈಯ ನೆರಳನ್ನು ಕೆಲಸದ ಮೇಲೆಯೇ ಕೆಡವುತ್ತದೆ. ಮೇಲಿನಿಂದ ಬಂದದ್ದು ಹಾಗಲ್ಲ. ಅದರಲ್ಲಿ ಎಳೆ ಎಳೆಯಾಗಿ ಕಾಣುತ್ತದೆ, ಬಣ್ಣ ತನ್ನ ಬಣ್ಣದಲ್ಲೇ ಕಾಣುತ್ತದೆ. ಕರೆಂಟು ಹೋದರೂ ಅದು ಹೋಗುವುದಿಲ್ಲ. ಇಷ್ಟನ್ನೆಲ್ಲ ಒಪ್ಪಿಕೊಂಡೇ ಹೇಳುತ್ತೇನೆ: ನನ್ನ ಮನೆಯ ನೆತ್ತಿಯ ಮೇಲೆ ಗಾಜು ಕೂರಿಸಲು ನಾನು ಬಿಡುವುದಿಲ್ಲ. ನನ್ನ ಬಾಣಂತನದ ವರ್ಷ ಗಜೇಂದ್ರಗಡದ ನಮ್ಮ ತವರಿನಲ್ಲಿ ನಡೆದದ್ದನ್ನು ಅವ್ವನನ್ನು ಬಿಟ್ಟರೆ ಕಂಡವಳು ನಾನೊಬ್ಬಳೇ. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಕೇಳದ್ದನ್ನು ಕೇಳಿದೆ ಎನ್ನುವುದಿಲ್ಲ.

ನಮ್ಮ ತವರು ಗುಡ್ಡದ ಕೆಳಗಿನ ನೇಕಾರರ ಓಣಿಯಲ್ಲಿದೆ. ಗೋಡೆಗೆ ಗೋಡೆ ಹಚ್ಚಿ ಕಟ್ಟಿದ ಮಣ್ಣಿನ ಮಾಳಿಗೆಯ ಮನೆಗಳು. ಓಣಿಯಲ್ಲಿ ನಿಂತು ನೋಡಿದರೆ ಒಂದೊಂದಕ್ಕೆ ಒಂದೊಂದು ಬಾಗಿಲು. ಮೆಟ್ಟಿಲು ಹತ್ತಿ ಮೇಲೆ ಹೋದರೆ ಎಲ್ಲವೂ ಸೇರಿ ಒಂದೇ ಬಯಲು. ಪ್ರತಿ ಮನೆಯ ಮಾಳಿಗೆಗೂ ಮೊರದಷ್ಟು ಅಗಲದ ಒಂದು ಬೆಳಕಿಂಡಿ, ಅದರ ಬಾಯಿಗೆ ಮೊಣಕಾಲೆತ್ತರದ ಕಟ್ಟೆ, ಪಕ್ಕದಲ್ಲಿ ಮುಚ್ಚಲು ಒಂದು ಪರಸಿಕಲ್ಲು. ಬೆಳಕಿಂಡಿಯ ನೇರ ಕೆಳಗೆ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು, ಅಂಚಿಗೆ ಕೂತು ನೇಯುತ್ತಾರೆ.

ಆ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಮಳೆ ಹನಿ ಬಿದ್ದಾಗ ಮಾಳಿಗೆಯ ಮೇಲೆ ಯಾರಿದ್ದರೋ ಅವರೇ ಸಾಲಿನ ಬೆಳಕಿಂಡಿಗಳನ್ನೆಲ್ಲ ಮುಚ್ಚುತ್ತ ಹೋಗಬೇಕು. ಯಾರ ಮನೆಯದು ಎಂದು ನೋಡುವಂತಿಲ್ಲ. ಆದರೆ ಕಲ್ಲು ಎಳೆಯುವ ಮೊದಲು ಬಗ್ಗಿ, “ಮುಚ್ಚಲ್ಯಾ?” ಎಂದು ಕೇಳಬೇಕು. ಕೆಳಗಿನಿಂದ “ಮುಚ್ಚ್ರಿ” ಎಂಬ ಉತ್ತರ ಬರುವವರೆಗೆ ಕಾಯಬೇಕು. ಕೆಳಗೆ ನೇಯುವವರ ಬೆರಳು ಮಗ್ಗದ ಉದ್ದಕ್ಕೂ ಬಿಗಿದ ಹಾಸಿನ ಎಳೆಗಳ ನಡುವೆ ಇರುತ್ತದೆ. ಹರಿದ ಎಳೆಗೆ ಗಂಟು ಹಾಕುತ್ತಿರುತ್ತಾರೆ. ಥಟ್ಟನೆ ಕತ್ತಲಾದರೆ ಎಳೆ ಕೈ ತಪ್ಪುತ್ತದೆ. ಮಾತು ಬಿಟ್ಟು ವರ್ಷಗಟ್ಟಲೆ ಮುಖ ತಿರುವಿದವರು ಕೂಡ ಇದೊಂದನ್ನು ಕೇಳುತ್ತಿದ್ದರು, ಇದೊಂದಕ್ಕೆ ಉತ್ತರ ಕೊಡುತ್ತಿದ್ದರು. ಅದನ್ನು ಮಾತಾಡಿದ್ದು ಎಂದು ಯಾರೂ ಹಿಡಿಯುತ್ತಿರಲಿಲ್ಲ.

ನಮ್ಮ ನಡುಮನೆಯಲ್ಲಿ ಮೊದಲು ಒಂದೇ ಬೆಳಕಿಂಡಿಯ ಕೆಳಗೆ ಎರಡು ಮಗ್ಗಗಳಿದ್ದವು. ಒಂದು ಅವ್ವನದು, ಇನ್ನೊಂದು ಅಪ್ಪನ ತಮ್ಮ, ನಮ್ಮ ಕಾಕಾನದು. ಅಪ್ಪ ಹೋದ ಮೇಲೆ ಮನೆ ಭಾಗವಾಯಿತು. ನಡುವೆ ಗೋಡೆ ಎತ್ತಬೇಕಾಯಿತು. ಗೋಡೆ ಎತ್ತುವುದಾದರೆ ತೊಲೆಯ ಕೆಳಗೇ ಎತ್ತಬೇಕು, ಇಲ್ಲವಾದರೆ ನಿಲ್ಲುವುದಿಲ್ಲ ಎಂದ ಕಾಕಾ. ಅದು ಸುಳ್ಳಲ್ಲ. ಆದರೆ ತೊಲೆಯ ಕೆಳಗೆ ಎತ್ತಿದರೆ ಬೆಳಕಿಂಡಿ ಪೂರ್ತಿ ಅವನ ಪಾಲಿಗೆ ಹೋಗುತ್ತಿತ್ತು. ಅದೂ ಸುಳ್ಳಲ್ಲ.

“ಗ್ವಾಡಿ ಮ್ಯಾಲಿನ ಭಾಗರ ಒಂದೀಟು ತೆರದ ಬಿಡ್ರಿ. ಬೆಳಕು ಈ ಕಡೆ ಬರಲಿ” ಎಂದು ಅವ್ವ ಕೇಳಿದಳಂತೆ.

ಕಾಕಾನ ಹೆಂಡತಿ, ನಮ್ಮ ಕಾಕು, ಒಪ್ಪಲಿಲ್ಲ. “ಬೆಳಕು ಒಂದ ಬರ್ತೈತೇನಕ್ಕಾ? ನಮ್ಮನಿ ಮಾತೆಲ್ಲಾ ನಿಮ್ಮನಿಗೆ ಬರ್ತಾವು. ನಮ್ಮ ಒಲಿ ಮ್ಯಾಲ ಏನೈತಿ ಅಂತ ನಿಮ್ಮ ಮೂಗಿಗೆ ಗೊತ್ತಾಕ್ಕೈತಿ. ಬ್ಯಾರೆ ಆದ ಮ್ಯಾಲ ಬ್ಯಾರೆನ.”

ಗೋಡೆ ಜಂತಿಯವರೆಗೆ ಎದ್ದಿತು. ಅವ್ವನ ಮಗ್ಗ ಕತ್ತಲೆಗೆ ಬಿತ್ತು.

ನಾನು ಏಳು ತಿಂಗಳ ಬಸುರಿಯಾಗಿ ಆ ಬೇಸಿಗೆಯಲ್ಲಿ ತವರಿಗೆ ಬಂದಾಗ ಅವ್ವ ಟ್ಯೂಬ್‌ಲೈಟಿನ ಕೆಳಗೆ ಪಟ್ಟೇದ ಅಂಚಿನ ಸೀರೆ ನೇಯುತ್ತಿದ್ದಳು. ಕರೆಂಟು ಹೋದಾಗ ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕತ್ತಲಲ್ಲೇ ಕೂತಿರುತ್ತಿದ್ದಳು. ಏಳುತ್ತಿರಲಿಲ್ಲ. ಒಂದು ದಿನ ಸೀರೆ ಒಯ್ಯುವ ಸಾಹುಕಾರರು ಅವಳು ಕಳಿಸಿದ ಸೀರೆಯನ್ನು ತಿರುಗಿ ತಂದು ಕಟ್ಟೆಯ ಮೇಲೆ ಬಿಚ್ಚಿ ಹಾಕಿದರು. ಮೈಯೊಳಗೆ ಒಂದು ಗೆರೆ ಬೇರೆ ಕೆಂಪಿನದು ಬಂದಿತ್ತು. ಟ್ಯೂಬಿನ ಬೆಳಕಿನಲ್ಲಿ ಎರಡೂ ಕೆಂಪು ಒಂದೇ. ಹೊರಗೆ ಬಿಸಿಲಿಗೆ ಹಿಡಿದರೆ ಒಂದು ಕುಂಕುಮ, ಇನ್ನೊಂದು ಇಟ್ಟಂಗಿ.

“ಯವ್ವಾ, ನಿನ್ನ ಕೈ ಇನ್ನೂ ಚಲೋ ಐತಿ. ಕಣ್ಣು ಹ್ವಾದುವು. ಇನ್ನ ಮ್ಯಾಲ ಬ್ಯಾರೆಯವರ ಲಾಳಿಗೆ ಕಂಡಿಕಿ ಸುತ್ತು, ಮಗ್ಗ ಬಿಡು” ಎಂದರು ಸಾಹುಕಾರರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೆ ಅವರು ಹೇಳಿದ್ದು ಓಣಿಗೆಲ್ಲ ಕೇಳುವ ಹಾಗೆ, ಕಟ್ಟೆಯ ಮೇಲೆ ನಿಂತು.

ಅವ್ವ ಸೀರೆ ಮಡಚಿದಳು. “ನನ್ನ ಕಣ್ಣು ಹೋಗಿಲ್ರಿ, ಬೆಳಕು ಹೋಗೈತಿ” ಎಂದಳು. ಹೇಳುವಾಗ ಗೋಡೆಯ ಕಡೆ ತಿರುಗಿದ್ದಳು. ಗೋಡೆಯ ಆಚೆ ಕಾಕಾನ ಮಗ್ಗದ ಸಪ್ಪಳ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಮಗ್ಗ ಬಿಟ್ಟರೆ ಅವ್ವನಿಗೆ ಆ ಮನೆಯಲ್ಲಿ ಬೇರೆ ಜಾಗವೇ ಇರಲಿಲ್ಲ ಎಂದು ನಾನು ಹೇಳಿದರೆ ಅತಿಯಾಗಬಹುದು. ಆದರೆ ಅವಳು ಊಟಕ್ಕೂ ಕುಣಿಯ ಅಂಚಿನಲ್ಲೇ ಕೂರುತ್ತಿದ್ದಳು. ಇದನ್ನು ನೋಡಿ ನನ್ನ ಅಣ್ಣ ಪರಸು ಹೊಸ ಬೆಳಕಿಂಡಿ ಕೊರೆಸಲು ಹೊರಟ. ಹಳೆಯ ತರಹದ್ದಲ್ಲ. ರೋಣದಲ್ಲಿ ಕಬ್ಬಿಣದ ಕಿಟಕಿ ಮಾಡುವವನೊಬ್ಬನನ್ನು ಹಿಡಿದುಕೊಂಡು ಬಂದ. ಚೌಕಟ್ಟಿಗೆ ಗಾಜು ಕೂರಿಸಿಬಿಟ್ಟರೆ ಮುಗಿಯಿತು, ತೆಗೆಯುವ ಮುಚ್ಚುವ ರಗಳೆ ಇಲ್ಲ, ಮಳೆಯಲ್ಲೂ ಬೆಳಕು ಎಂದ ಅವನು.

ಕಾಕಾ ಅಂಗಳಕ್ಕೆ ಬಂದು ನಿಂತ. “ಏ ಪರಸ್ಯಾ, ಮುಚ್ಚಾಕ ಬರಲಾರದ್ದು ಬೆಳಕಿಂಡಿ ಅಲ್ಲೋ, ಅದು ತೂತು. ಮಣ್ಣಿನ ಮಾಳಗಿಗೆ ಗಾಜು ಹೊಂದೂದಿಲ್ಲ. ಮಾಳಗಿ ವರ್ಷಾ ಹೊಸಾ ಮಣ್ಣು ಬಿದ್ದು ಏಳ್ತೈತಿ, ಗಾಜು ಏಳತೈತೇನು?”

“ನಿಮ್ಮ ಬೆಳಕಿಂಡಿ ನಿಮಗ ಇರಲಿ ಕಾಕಾ. ನಮ್ಮ ತೂತು ನಮಗಿರಲಿ.”

“ಜಂತಿ ಇಬ್ಬರ್ದೂ ಐತಿ, ಮರೀಬ್ಯಾಡ.”

“ಬೆಳಕೂ ಇಬ್ಬರ್ದೂ ಇತ್ತು. ಗ್ವಾಡಿ ಎತ್ತೂ ಮುಂದ ನಿಮಗ ನೆನಪಿತ್ತೇನು?”

ಕಾಕಾ ತನ್ನ ಬಾಗಿಲ ಕಡೆ ತಿರುಗಿದ. ಅವನ ಮಗ ಈರಣ್ಣ ಮುಂದೆ ಬಂದು ಅಣ್ಣನ ಅಂಗಿ ಹಿಡಿದ. ಓಣಿಯವರು ಬಿಡಿಸಿದರು. ಆ ದಿನದಿಂದ ಎರಡು ಮನೆಗಳ ನಡುವೆ ಮಾತು ಪೂರ್ತಿ ನಿಂತಿತು. ಬೀಗರೊಬ್ಬರು ತೀರಿಕೊಂಡರೆಂದು ಕಾಕಾ ಲಕ್ಕಲಕಟ್ಟಿಗೆ ಮಣ್ಣಿಗೆ ಹೋದ ದಿನವೇ ಅಣ್ಣ ಮಾಳಿಗೆ ಕೊರೆಸಿ ಗಾಜು ಕೂರಿಸಿದ.

ಬೆಳಕು ಬಂದ ದಿನವನ್ನು ಬಚ್ಚಿಟ್ಟರೆ ನಾನು ನಂಬಿಕೆಯ ಸಾಕ್ಷಿ ಆಗುವುದಿಲ್ಲ. ಮಧ್ಯಾಹ್ನವಾಗಿತ್ತು. ಕೆಲಸದವನು ಗಾಜಿನ ಮೇಲಿನ ಹುಡಿ ಒರೆಸಿದ. ಬೆಳಕು ಒಮ್ಮೆಲೇ ಹಾಸಿನ ಮೇಲೆ ಬಿತ್ತು. ಹಳದಿ, ಕೆಂಪು, ಅಂಚಿನ ಬಿಳಿ ಎಲ್ಲವೂ ನೆಲದಿಂದ ಮೇಲೆದ್ದ ಹಾಗೆ ಕಂಡವು. ಅವ್ವ ಬೆರಳಿನಿಂದ ಒಂದೊಂದೇ ಕೆಂಪನ್ನು ಮುಟ್ಟುತ್ತ, “ಇದು ಕುಂಕುಮ. ಇದು ಇಟ್ಟಂಗಿ” ಎಂದಳು. ತಪ್ಪಲಿಲ್ಲ. ಆ ವಾರ ನೇಯ್ದ ಸೀರೆಯನ್ನು ಸಾಹುಕಾರರು ಬಿಸಿಲಿಗೆ ಹಿಡಿದು ನೋಡಿ, ಮಾತಿಲ್ಲದೆ ಮಡಚಿ ಒಯ್ದರು.

ಸುಖ ಅಷ್ಟೇ. ಅದರ ಬೆನ್ನಿಗೆ ಉಳಿದದ್ದೆಲ್ಲ ಬಂತು. ಬಿಸಿಲು ಏರಿದಂತೆ ಗಾಜಿನ ಕೆಳಗೆ ಕಾವು. ಅವ್ವ ಸೆರಗನ್ನು ನೀರಲ್ಲಿ ಅದ್ದಿ ತಲೆಯ ಮೇಲೆ ಹಾಕಿಕೊಂಡು ನೇಯುತ್ತಿದ್ದಳು. ಬಿಸಿಲಿನ ಚೌಕ ಹಾಸಿನ ಮೇಲೆ ಒಂದೇ ಕಡೆ ಬಿದ್ದು ಅಲ್ಲಿನ ಎಳೆ ಒಣಗಿ ಪಟಪಟ ಹರಿಯುತ್ತಿತ್ತು. ಮೊದಲ ಅಡ್ಡಮಳೆಗೆ ಚೌಕಟ್ಟಿನ ಮೂಲೆಯಿಂದ ನೀರು ತೊಟ್ಟಿಕ್ಕಿತು. ಮಗ್ಗದ ಪಕ್ಕ ಒಂದು ಬೋಗುಣಿ ಬಂತು.

ಆಗ ಅಣ್ಣ ಒಂದು ಕೆಲಸ ಮಾಡಿದ. ಮಣ್ಣಿನ ಮಾಳಿಗೆಯಲ್ಲಿ ಹುಟ್ಟಿ ಬೆಳೆದವರೇ ಮಾಡುವಂಥ ತಪ್ಪು ಅದು. ಮಳೆಗಾಲಕ್ಕೆ ಮುಂಚೆ ನಮ್ಮಲ್ಲಿ ಮಾಳಿಗೆಗೆ ಹೊಸ ಸವಳು ಮಣ್ಣು ಹಾಕಿ ತುಳಿದು ಬಡಿಯುತ್ತಾರೆ. ಸೋರುವ ಕಡೆ ಇನ್ನಷ್ಟು ಹಾಕುತ್ತಾರೆ. ಸೋರಿಕೆ ಎಂದರೆ ನಮಗೆ ಗೊತ್ತಿರುವ ಮದ್ದು ಮಣ್ಣೊಂದೇ. ರೋಣದವನು ಗಾಜಿನ ಸುತ್ತ ಗೇಣೆತ್ತರದ ಇಟ್ಟಂಗಿ ಕಟ್ಟೆ ಕಟ್ಟಿದ್ದ. ಅಣ್ಣ ಆ ಕಟ್ಟೆಯ ನೆತ್ತಿಯವರೆಗೆ ಮಣ್ಣು ತುಂಬಿ, ಚೆನ್ನಾಗಿ ತುಳಿದು, ಗಾಜಿಗೆ ಸಮ ಮಾಡಿದ. ತೊಟ್ಟಿಕ್ಕುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಕಾಲಿಗೆ ತಡೆಯಾಗಬೇಕಿದ್ದ ಕಟ್ಟೆ ಮಾತ್ರ ಮಣ್ಣಿನೊಳಗೆ ಮುಳುಗಿಹೋಯಿತು. ಮಾಳಿಗೆಯ ಮೆಟ್ಟಿಲಿನಿಂದ ಕಾಕಾನ ಬೆಳಕಿಂಡಿಗೆ ಹೋಗುವ ದಾರಿ ಸರಿಯಾಗಿ ಆ ಗಾಜಿನ ಅಂಚಿನಲ್ಲಿತ್ತು.

ಆಷಾಢದಲ್ಲಿ ನನಗೆ ಮಗ ಹುಟ್ಟಿದ. ಬೇರೆ ಕೋಣೆ ಇಲ್ಲದ ಕಾರಣ ನಡುಮನೆಯ ಮೂಲೆಗೇ ಹೊರಸು ಹಾಕಿ, ಹಳೆಯ ಸೀರೆಯನ್ನು ಪರದೆಯಾಗಿ ಕಟ್ಟಿದರು. ಕೆಳಗೆ ಅಗ್ಗಿಷ್ಟಿಕೆ, ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ. ಪರದೆಯ ಸಂದಿಯಿಂದ ನನಗೆ ಅವ್ವನ ಮಗ್ಗ ಕಾಣುತ್ತಿತ್ತು, ಅದರ ಮೇಲಿನ ಗಾಜು ಕಾಣುತ್ತಿತ್ತು. ಸಪ್ಪಳ ಮಾತ್ರ ದೂರದಿಂದ ಬಂದ ಹಾಗೆ.

ಶ್ರಾವಣದಲ್ಲಿ ಕಾಕುವಿನ ತವರಿನಿಂದ ಹೆಸರಿನ ಕಾಯಿ ಬಂದವು. ಮಳೆ ಬಿಟ್ಟು ಬಿಟ್ಟು ಬರುವ ಕಾಲ, ಒಣಗಿಸಲು ಮಾಳಿಗೆಯೇ ಗತಿ. ಮಾಳಿಗೆ ಅಷ್ಟು ಅಗಲ ಇತ್ತು. ಕಾಕು ತಾಡಪತ್ರಿ ಹಾಸಿದ್ದು ಮಾತ್ರ ಗಾಜಿನ ಮೇಲೆ. ಒಮ್ಮೆಲೇ ಕತ್ತಲಾದಾಗ ಅವ್ವನ ಲಾಳಿ ನಿಂತಿತು. ಅಣ್ಣ ಹೊರಗೆ ಓಡಿದ. ಅಂಗಳದಿಂದ ಅವನು ಕೂಗಿದ್ದು ನನ್ನ ಹತ್ತಿಯನ್ನೂ ದಾಟಿ ಕೇಳಿತು.

“ಕಾಕೂ, ತಾಡಪತ್ರಿ ತಗೀರಿ! ಕೆಳಗ ಮಗ್ಗ ನಡದೈತಿ!”

“ಹೆಸರು ಒಣಗಬೇಕಲ್ಲೋ! ನಿಮ್ಮ ಗಾಜು ಭಾಳ ಬಿಸಿ ಇರ್ತೈತಿ ನೋಡು, ಲಗೂ ಒಣಗ್ತಾವು!” ಎಂದು ಮೇಲಿನಿಂದ ಕಾಕು. ಓಣಿಯಲ್ಲಿ ಯಾರೋ ನಕ್ಕರು.

ಅಣ್ಣ ಹತ್ತಿ ತಾಡಪತ್ರಿಯನ್ನು ಎಳೆದ. ಹೆಸರು ಚೆಲ್ಲಿತು. ಮರುದಿನ ಕಾಕು ಮತ್ತೆ ಹಾಸಿದಳು. ಅಣ್ಣ ಮತ್ತೆ ಎಳೆದ. ಹೀಗೆ ಬೆಳಕಿಗಾಗಿ ದಿನವೂ ಜಗಳ. ಅಣ್ಣ ಇಲ್ಲದ ದಿನ ಕತ್ತಲು. ಅವ್ವ ಒಂದು ಸಲವೂ ಮೇಲೆ ಹತ್ತಲಿಲ್ಲ, ಒಂದು ಸಲವೂ ಕೂಗಲಿಲ್ಲ. ಕತ್ತಲಾದರೆ ಟ್ಯೂಬ್ ಹಾಕುತ್ತಿದ್ದಳು. ಕರೆಂಟು ಇಲ್ಲದಿದ್ದರೆ ಸುಮ್ಮನೆ ಮೇಲೆ ನೋಡುತ್ತ ಕೂರುತ್ತಿದ್ದಳು. ನನ್ನವ್ವನ ಮುಖದಲ್ಲಿ ಅಷ್ಟು ಹಗೆಯನ್ನು ನಾನು ಹಿಂದೆ ಕಂಡಿರಲಿಲ್ಲ.

ಆ ಮಳೆಗಾಲ ಮಲಪ್ರಭೆ ತುಂಬಿತ್ತು. ಕೊಣ್ಣೂರಿನ ಸೇತುವೆಯ ಮೇಲೆ ನೀರು ಬಂದಿದೆ, ಮೆಣಸಗಿಯಲ್ಲಿ ಮನೆ ಬಿದ್ದಿವೆ ಎಂದು ಸುದ್ದಿ ಬರುತ್ತಿತ್ತು. ನಮ್ಮಲ್ಲಿ ಹೊಳೆ ಇಲ್ಲ, ಆದರೆ ಮಳೆ ಇತ್ತು. ಆ ದಿನ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಕಾಕು ತಾಡಪತ್ರಿ ಹಾಸಿ ಹೆಸರು ಹರವಿದ್ದಳು. ಅಣ್ಣ ಕೆಲಸದ ಮೇಲೆ ರೋಣಕ್ಕೆ ಹೋಗಿದ್ದ. ಅವ್ವ ಟ್ಯೂಬಿನ ಬೆಳಕಿನಲ್ಲಿ ನೇಯುತ್ತಿದ್ದಳು. ಮಧ್ಯಾಹ್ನ ಗುಡ್ಡದ ಕಡೆಯಿಂದ ಮೋಡ ಬಂದು ಒಮ್ಮೆಲೇ ಸುರಿಯಿತು. ಕಾಕು ಮತ್ತು ಅವಳ ಸೊಸೆ ಹೆಸರನ್ನು ಬುಟ್ಟಿಗೆ ತುಂಬಿಕೊಂಡು ಇಳಿದು ಓಡಿದರು. ಅವರ ಹೆಜ್ಜೆಯ ಧಡಧಡ ಜಂತಿಗಳಲ್ಲಿ ನನಗೆ ಗೊತ್ತಾಯಿತು. ತಾಡಪತ್ರಿ ಅಲ್ಲೇ ಉಳಿಯಿತು. ನೀರು ನಿಂತು ಅದು ಗಾಜಿನ ಮೇಲೆ ಜೋತುಬಿದ್ದದ್ದು ಕೆಳಗಿನಿಂದ ಕಪ್ಪಗೆ ಕಾಣುತ್ತಿತ್ತು. ಕರೆಂಟು ಹೋಯಿತು. ಅವ್ವ ಲಾಳಿ ಬಿಟ್ಟು ಕೈ ಮಡಿಲಲ್ಲಿಟ್ಟಳು. ಬೋಗುಣಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು.

ಇಲ್ಲಿಂದ ಮುಂದಿನದರಲ್ಲಿ ಆಮೇಲೆ ಓಣಿಯ ಹಿರಿಯರ ಮುಂದೆ ನಾನು ಹೇಳಿದ್ದೂ ಇದೆ, ಹೇಳದೆ ಬಿಟ್ಟದ್ದೂ ಇದೆ.

ಗಾಜಿನ ಒಂದು ಮೂಲೆಯಲ್ಲಿ ತಾಡಪತ್ರಿ ಮೇಲೆ ಎದ್ದಿತು. ಸೀಳಿದ ಹಾಗೆ ಬೆಳಕು ಒಳಗೆ ಬಂದು ಹಾಸಿನ ಮೇಲೆ ಅಡ್ಡ ಬಿತ್ತು. ಒಂದು ಕೈ ಕಂಡಿತು. ಆಮೇಲೆ ಕಾಕಾನ ಮುಖ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಇತ್ತು. ಅವನು ಬಗ್ಗಿ ಕೆಳಗೆ ನೋಡಿದ. ತುಟಿ ಅಲುಗಾಡಿತು. ಏನಂದನೋ ನನಗೆ ಕೇಳಲಿಲ್ಲ. ಅವ್ವ ತಲೆಯೆತ್ತಿ ಅವನನ್ನು ನೋಡಿದಳು, ನೋಡಿ ತಲೆ ತಗ್ಗಿಸಿದಳು. ಕಾಕಾ ಹಾಗೇ ನಿಂತ. ಆಮೇಲೆ ಇನ್ನೂ ಸ್ವಲ್ಪ ಮುಂದೆ ಬಗ್ಗಿದ. ಮತ್ತೆ ತುಟಿ ಅಲುಗಾಡಿತು. ಅವನ ಒಂದು ಕಾಲು ಗಾಜಿನ ಅಂಚಿನ ಹಸಿ ಮಣ್ಣಿನ ಮೇಲಿತ್ತು. ಆ ಕಾಲು ಜಾರಿತು.

ಗಾಜು ಒಡೆದ ಸಪ್ಪಳ ನನಗೆ ನೆನಪಿಲ್ಲ. ನೆನಪಿರುವುದು ಹಾಸು ಹರಿದ ಸಪ್ಪಳ. ಬಿಗಿಯಾಗಿ ಎಳೆದುಕಟ್ಟಿದ ಅಷ್ಟೂ ಎಳೆ ಒಂದೇ ಸಲಕ್ಕೆ ಹರಿದರೆ ಅಂಥ ಸಪ್ಪಳ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾಕಾ ಹಾಸಿನ ಮೇಲೆ ಬಿದ್ದು, ಅದನ್ನು ಹರಿದುಕೊಂಡು, ಸೊಂಟದ ಮೇಲೆ ಕುಣಿಯ ಅಂಚಿಗೆ ಅಪ್ಪಳಿಸಿದ. ಹಿಂದಿನಿಂದ ತಾಡಪತ್ರಿಯ ನೀರೆಲ್ಲ ಅವನ ಮೇಲೆ ಸುರಿಯಿತು. ಅವ್ವನ ಕಾಲು ಕುಣಿಯಲ್ಲೇ ಇತ್ತು. ಅವಳ ಕೂದಲಲ್ಲಿ, ಮಡಿಲಲ್ಲಿ ಗಾಜಿನ ಚೂರು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು.

ನಾನು ಮಗುವನ್ನು ಎದೆಗೆ ಒತ್ತಿಕೊಂಡು ಪರದೆಯಾಚೆ ಬಂದೆ. ಕಿವಿಯ ಹತ್ತಿ ಯಾವಾಗ ಕಿತ್ತೆನೋ ತಿಳಿಯದು. ಕಾಕಾನ ಮಾತು ಕೇಳಿತು.

“ವೈನಿ, ಅಲಗ್ಯಾಡಬ್ಯಾಡ್ರಿ. ಗಾಜು ಐತಿ.”

ಅಷ್ಟೇ ಅಂದ. ಆಮೇಲೆ ನೋವಿಗೆ ಬಾಯಿ ತೆರೆದ.

ಕಾಕು ಬಂದಳು. ಬಾಗಿಲಲ್ಲೇ ನಿಂತು, “ಕೊಂದ್ರಲ್ಲೋ! ಬೆಳಕು ಬೇಕು ಬೆಳಕು ಬೇಕು ಅಂತ ಮನಷ್ಯಾನ್ನ ಕೊಂದ್ರಲ್ಲೋ!” ಎಂದು ಎದೆ ಬಡಿದುಕೊಂಡಳು. ಈರಣ್ಣ ತಂದೆಯನ್ನು ಎತ್ತಲು ಬಂದವನು ಮೊದಲು ನಮ್ಮ ಟ್ಯೂಬ್‌ಲೈಟನ್ನು ಕಿತ್ತು ನೆಲಕ್ಕೆ ಒಗೆದ. ಯಾಕೆ ಅದನ್ನೇ ಒಗೆದನೋ ಅವನಿಗೂ ಗೊತ್ತಿರಲಿಕ್ಕಿಲ್ಲ. ಊರಿನ ದವಾಖಾನೆಯಲ್ಲಿ ಆಗುವುದಿಲ್ಲ ಎಂದರು, ಗದಗಿಗೆ ಒಯ್ದರು. ಸೊಂಟದ ಎಲುಬು ಮುರಿದಿತ್ತು. ಕಾಕಾ ಬದುಕಿದ. ಆದರೆ ಕುಣಿಮಗ್ಗಕ್ಕೆ ಎರಡೂ ಕಾಲು ಬೇಕು. ಅವನು ಮತ್ತೆ ನೇಯಲಿಲ್ಲ.

ಅವನು ದವಾಖಾನೆಯಿಂದ ಬಂದ ಮೇಲೆ ಓಣಿಯ ಹಿರಿಯರು ಗುಡಿಯ ಕಟ್ಟೆಯ ಮೇಲೆ ಎರಡೂ ಮನೆಯವರನ್ನು ಕೂರಿಸಿದರು. ಕೋರ್ಟಿಗೆ ಹೋಗುತ್ತೇವೆ ಎಂದು ಈರಣ್ಣ ಹಟ ಹಿಡಿದಿದ್ದ. ಕಾಕಾ ಗಾಜು ಒಡೆಯಲೆಂದೇ ಹತ್ತಿದ್ದ, ಸುಳ್ಳಿದ್ದರೆ ತನ್ನ ನಾಲಿಗೆ ಬೀಳಲಿ ಎಂದ ನಮ್ಮಣ್ಣ. ಕಾಕು, ತಮ್ಮ ತಾಡಪತ್ರಿ ತಗೊಳ್ಳಲು ಹೋದವನನ್ನು ಗುಂಡಿ ತೋಡಿ ಕೆಡವಿದರು ಎಂದಳು. ಹಿರಿಯರು ಕಾಕಾನನ್ನು ಕೇಳಿದರು.

“ಮಳಿ ಬಂದಿತ್ತು. ಹೋಗಿದ್ದೆ” ಎಂದ ಅವನು.

“ಯಾಕ ಬಗ್ಗಿದ್ದಿ?”

“ಮಳಿ ಬಂದಿತ್ರಿ” ಎಂದ, ಮತ್ತೆ ಅಷ್ಟೇ.

ಅವ್ವನನ್ನು ಕೇಳಿದರು. “ಮಗ್ಗದ ಸಪ್ಪಳದಾಗ ನನಗೇನೂ ಕೇಳಿಲ್ರಿ” ಎಂದಳು ಅವ್ವ.

ನಾನು ತಲೆಯೆತ್ತಿ ಅವ್ವನನ್ನು ನೋಡಿದೆ. ಮಗ್ಗ ನಿಂತಿತ್ತು. ಕಾಕಾ ಬಗ್ಗಿದಾಗ ಅವಳ ಎರಡೂ ಕೈ ಮಡಿಲಲ್ಲಿದ್ದವು. ಆದರೆ ನನ್ನನ್ನು ಕೇಳಿದ್ದು ಕಾಕಾನ ಬಗ್ಗೆ. ಒಡೆಯಲು ಬಂದಿದ್ದನೋ ಇಲ್ಲವೋ ಎಂದು ಕೇಳಿದರು. ನಾನು ಕಂಡದ್ದನ್ನು ಹೇಳಿದೆ. ಅವನ ಕೈಯಲ್ಲಿ ಕಲ್ಲಿರಲಿಲ್ಲ, ಕೋಲಿರಲಿಲ್ಲ, ತಾಡಪತ್ರಿಯ ತುದಿ ಇತ್ತು ಎಂದೆ. ಗಾಜಿನ ಅಂಚಿಗೆ ಮಣ್ಣು ಸಮ ಇತ್ತು, ಕಾಲು ತಾನಾಗೇ ಜಾರಿತು, ಯಾರೂ ಕೆಡವಲಿಲ್ಲ ಎಂದೆ. ಎರಡು ಸಲ ಏನೋ ಅಂದ, ಕಿವಿ ಕಟ್ಟಿತ್ತು, ಕೇಳಲಿಲ್ಲ ಎಂದೆ.

ಯಾರಿಗೂ ಬೇಕಾಗಿದ್ದ ಮಾತು ಅದಾಗಿರಲಿಲ್ಲ. “ನೀ ಯಾರ ಮನಿ ಮಗಳು?” ಎಂದ ಅಣ್ಣ, ಎಲ್ಲರ ಮುಂದೆ. “ಬಾಣಂತಿ ಕಣ್ಣು, ಮಂಪರನ್ಯಾಗ ಏನ್ ಕಂಡಾವ” ಎಂದಳು ಕಾಕು. ಹಿರಿಯರು ಕೋರ್ಟು ಬೇಡ ಎಂದು ಎದ್ದುಹೋದರು. ಈರಣ್ಣ ಕೋರ್ಟಿಗೆ ಹೋಗಲಿಲ್ಲ. ಬೇರೆ ಕೆಲಸ ಮಾಡಿದ. ನಮ್ಮ ಕಡೆ ಅಣ್ಣ ಆ ತೂತಿಗೆ ಹಲಗೆ ಹೊಡೆದು ಮಣ್ಣು ಹಾಕಿದ್ದನ್ನು ನೋಡಿ, ತನ್ನ ಕಡೆಯ ಹಳೆಯ ಬೆಳಕಿಂಡಿಗೂ ಸಿಮೆಂಟು ಸುರಿದು ಮುಚ್ಚಿಬಿಟ್ಟ. ಮಗ್ಗಕ್ಕೆ ಕೂರುವವರೇ ಇಲ್ಲದ ಮೇಲೆ ಬೆಳಕು ಯಾಕೆ ಎಂದನಂತೆ. ಈಗ ಆ ಗೋಡೆಯ ಎರಡೂ ಬದಿಗೆ ಒಂದೇ ಕತ್ತಲು. ಅಷ್ಟರ ಮಟ್ಟಿಗೆ ಪಾಲು ಸರಿಯಾಯಿತು. ಅವ್ವ ಹರಿದ ಹಾಸನ್ನು ಮತ್ತೆ ಕಟ್ಟಲಿಲ್ಲ. ಬೇರೆಯವರ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಾಳೆ.

ಕಾಕಾ ಹೋದ ವರ್ಷ ತೀರಿಕೊಂಡ. ಅವ್ವ ಮಣ್ಣಿಗೆ ಹೋದಳು, ಆದರೆ ಕಾಕು ಅವಳನ್ನು ಒಳಗೆ ಕರೆಯಲಿಲ್ಲ. ಅಂಗಳದಲ್ಲೇ ನಿಂತು ಬಂದಳು.

ಮೊನ್ನೆ ಅವ್ವ ನಮ್ಮ ಹೊಸ ಮನೆ ನೋಡಲು ನರಗುಂದಕ್ಕೆ ಬಂದಿದ್ದಳು. ಸ್ಲ್ಯಾಬಿಗೆ ಹಲಗೆ ಹೊಡೆಯುತ್ತಿದ್ದರು. ಇಂಜಿನಿಯರು ಹೇಳಿದ ಹಾಗೆ ನಡುಮನೆಯ ಮೇಲೆ ಆ ಚೌಕವನ್ನು ಹಾಗೇ ಬಿಟ್ಟಿದ್ದರು. ಅವ್ವ ಅದರ ಕೆಳಗೆ ಬಂದಾಗ ಕಾಲು ನಿಲ್ಲಿಸಿದಳು. ಮೋಡ ಕಾಣುತ್ತಿತ್ತು.

“ಇದಕ್ಕ ಗಾಜು ಕುಂಡರಸ್ತಾರೇನ?”

“ಇಂಜಿನಿಯರ್ ಅಂತಾರವ್ವಾ. ನಾ ಬ್ಯಾಡ ಅಂದೀನಿ.”

“ಮ್ಯಾಲ ಯಾರ್ ಅಡ್ಡಾಡ್ತಾರ?”

“ಯಾರೂ ಇಲ್ಲ. ಸುತ್ತ ಬ್ಯಾರೆ ಮನಿ ಎಲ್ಲದಾವು? ನಮ್ಮ ಸ್ಲ್ಯಾಬು, ನಾವ.”

ಅವ್ವ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಮೇಲೆ ಹಲಗೆ ಹೊಡೆಯುತ್ತಿದ್ದ ಗವಂಡಿ ಚೌಕದ ಅಂಚಿಗೆ ಬಂದು, ಮೊಣಕಾಲ ಮೇಲೆ ಕೈಯೂರಿ ಬಗ್ಗಿದ. ಅವನ ತಲೆಯ ಹಿಂದೆ ಬೆಳಕಿತ್ತು, ಮುಖ ಕಾಣಲಿಲ್ಲ.

“ಅಕ್ಕಾರ, ಹೆಂಗ್ ಮಾಡೂಣ್ರಿ? ಇದನ್ನ ಮುಚ್ಚಲ್ಯಾ?”

“ಮುಚ್ಚ್ರಿ!” ಎಂದಳು ಅವ್ವ.

ನಾನು ಬಾಯಿ ತೆರೆಯುವ ಮೊದಲೇ, ಬೇಕಾದ್ದಕ್ಕಿಂತ ಜೋರಾಗಿ. ಮೇಲಿದ್ದವನು ಬೆಚ್ಚಿ ಹಿಂದೆ ಸರಿದ. “ಮುಚ್ಚ್ರಿ, ಮುಚ್ಚ್ರಿ” ಎಂದು ಅವಳು ಮತ್ತೆ ಅಂದಳು. ಅಂದು, ಸಿಮೆಂಟು ಚೀಲದ ಮೇಲೆ ಕೂತುಬಿಟ್ಟಳು. ಮೇಲೆ ಹಲಗೆ ಎಳೆಯುವ ಸಪ್ಪಳ ಶುರುವಾಯಿತು. ನಾನು ಅವಳ ಪಕ್ಕದಲ್ಲಿ ನಿಂತೆ. ಅವಳು ನನ್ನ ಕಡೆ ನೋಡಲಿಲ್ಲ.

“ಮಗ್ಗ ನಿಂತಿತ್ತು. ನೀ ನೋಡೀದಿ. ನಿನಗ ಗೊತ್ತೈತಿ.”

“ಹೂಂ.”

“ಮುಚ್ಚಲ್ಯಾ ವೈನಿ, ಅಂದ. ಸೋರೂದು ಅವ್ನಿಗೆ ಗ್ವಾಡಿ ಆಚೆ ಕೇಳ್ತಿತ್ತು ಕಾಣ್ತೈತಿ, ತಾಡಪತ್ರಿ ಜಗ್ಗಿ ಕಟ್ಟಾಕ ಬಂದಿದ್ದ. ಎರಡ ಸಲ ಕೇಳಿದ. ನನಗ ಛಂದಾಗಿ ಕೇಳಿಸ್ತು.”

“ನೀ ಏನಂದಿ?”

ಚೌಕ ಅರ್ಧ ಮುಚ್ಚಿತ್ತು. ಉಳಿದ ಬೆಳಕು ಅವಳ ಪಾದದ ಹತ್ತಿರ ಒಂದು ಪಟ್ಟಿಯಾಗಿ ಬಿದ್ದಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

“ನಾ ಏನೂ ಅನ್ಲಿಲ್ಲ. ಅಂವ ಕಾಯ್ಕೋತ ನಿಂತಾ.”